ತಲೆ ನಿಲ್ಲದವಳು

ನನ್ನ ಬಗ್ಗೆ ಒಬ್ಬರು ಆಡಿದ ಒಂದು ಮಾತು ಮಂಡ್ಯದಿಂದ ಹೊರಟು ಮಳವಳ್ಳಿ ಸೇರುವಷ್ಟರಲ್ಲಿ ಬೇರೆಯೇ ಮಾತಾಗಿತ್ತು. ಹತ್ತು ನಿಮಿಷಕ್ಕಿಂತ ಹೆಚ್ಚು ಯಾವುದನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಲಾರದ ನಾನು, ಅದೊಂದನ್ನು ಮಾತ್ರ ವರ್ಷಗಟ್ಟಲೆ ಹಿಡಿದಿಟ್ಟುಕೊಂಡೆ.

ನಮ್ಮೂರು ಹನಕೆರೆ. ಅಪ್ಪನಿಗೆ ಗದ್ದೆಯ ಜೊತೆ ಒಂದಿಷ್ಟು ಹಿಪ್ಪುನೇರಳೆ ತೋಟವೂ ಇತ್ತು. ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದಳು. ಮನೆಯ ಹಿಂದೆ ಹೆಂಚಿನ ಮಾಡಿನ ಉದ್ದನೆಯ ಒಂದು ಕೋಣೆ. ಅದನ್ನು ಹುಳದ ಮನೆ ಎನ್ನುತ್ತಿದ್ದೆವು. ನಾನು ಹುಟ್ಟಿದಾಗಿನಿಂದಲೂ ಕೂತಲ್ಲಿ ಕೂರುವವಳಲ್ಲವಂತೆ. ಊಟಕ್ಕೆ ಕೂತರೆ ನಡುವೆ ಎದ್ದು ಕೋಳಿ ಓಡಿಸಿ ಬರುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುವಾಗ ನನ್ನ ಕಣ್ಣು ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಮೇಲೆ ಇರುತ್ತಿತ್ತು, ಆಮೇಲೆ ಆ ಬಿಸಿಲಲ್ಲಿ ಹಾರುವ ಧೂಳಿನ ಮೇಲೆ, ಆಮೇಲೆ ಮುಂದೆ ಕೂತವಳ ಜಡೆಯ ರಿಬ್ಬನ್ನಿನ ಮೇಲೆ. ಆದರೆ ಕಿವಿಗೆ ಬಿದ್ದಷ್ಟು ಬೇಗ ಅರ್ಥವಾಗುತ್ತಿತ್ತು. ಹಾಗಾಗಿ ಪಾಸಾಗುತ್ತಾ ಬಂದೆ. ಮಂಡ್ಯದಲ್ಲಿ ಬಿ.ಕಾಂ. ಓದುವಾಗ ಅಕೌಂಟ್ಸ್ ಪಾಠ ಮಾಡುತ್ತಿದ್ದ ಮೇಡಂ ಒಬ್ಬರು, ನೀನು ಸಿಎ ಮಾಡಬಹುದು ಎಂದರು. ಹಾಗೆಂದರೇನು ಎಂದು ಪೂರ್ತಿ ತಿಳಿಯದೆಯೇ ನಾನು ಹೂಂ ಅಂದೆ.

ಮೊದಲ ಹಂತಗಳನ್ನು ಬಿದ್ದು ಎದ್ದು ದಾಟಿದೆ. ಆಮೇಲೆ ಯಾರಾದರೂ ಆಡಿಟರ್ ಕೈಕೆಳಗೆ ಮೂರು ವರ್ಷ ಕೆಲಸ ಕಲಿಯಬೇಕು. ಅದು ಮುಗಿಯುತ್ತಾ ಬಂದಾಗಲೇ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದು. ಮಂಡ್ಯದಲ್ಲಿ ಹೆಸರಿದ್ದ ಒಬ್ಬ ಆಡಿಟರ್ ಹತ್ತಿರ ಸೇರಿದೆ. ಬೆಳಿಗ್ಗೆ ಹನಕೆರೆ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವುದು.

ಆಡಿಟರ್ ಒಳ್ಳೆಯವರು ಎನ್ನುವವರು ಮಂಡ್ಯದಲ್ಲಿ ಬಹಳ ಜನ ಇದ್ದಾರೆ. ಇರಲಿ, ಅವರು ಹೇಳಿಕೊಳ್ಳಲಿ. ಇದು ನಾನು ಬರೆಯುತ್ತಿರುವುದು.

ಅವರಿಗೆ ಒಂದು ಹೆಮ್ಮೆಯಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಊಟದ ಹೊತ್ತಿಗಷ್ಟೇ ಏಳುವುದು. “ಕೂತು ಗೆಲ್ಲಬೇಕು ಕಣ್ರಯ್ಯ, ಓಡಾಡ್ಕಂಡು ಯಾರೂ ಗೆದ್ದಿಲ್ಲ” ಎಂದು ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿದ್ದರು. ಮನುಷ್ಯರನ್ನು ಅವರು ಅಳೆಯುತ್ತಿದ್ದುದೇ ಎಷ್ಟು ಹೊತ್ತು ಕೂರುತ್ತಾರೆ ಎಂಬುದರಿಂದ. ನಾನೋ, ಒಂದು ಬಿಲ್ಲಿನ ಕಟ್ಟು ನೋಡುವಷ್ಟರಲ್ಲಿ ನೀರು ಕುಡಿಯಲು ಏಳುವವಳು, ಕಿಟಕಿ ತೆಗೆಯಲು ಏಳುವವಳು, ಏಕೆ ಎದ್ದೆ ಎಂಬುದನ್ನು ಮರೆತು ಸುಮ್ಮನೆ ನಿಲ್ಲುವವಳು. ಕೆಲಸ ಮುಗಿಯುತ್ತಿರಲಿಲ್ಲ ಎಂದಲ್ಲ. ಮುಗಿಯುತ್ತಿತ್ತು, ತಪ್ಪೂ ಕಡಿಮೆ ಇರುತ್ತಿತ್ತು. ಆದರೆ ಅವರ ಕಣ್ಣಿಗೆ ಬೀಳುತ್ತಿದ್ದುದು ನನ್ನ ಖಾಲಿ ಕುರ್ಚಿ.

ಒಂದು ದಿನ ಅಕ್ಕಿ ಗಿರಣಿಯ ಯಜಮಾನರೊಬ್ಬರು ಬಂದು ಕೂತಿದ್ದಾಗ ನಾನು ಮೂರನೆಯ ಸಲವೋ ಏನೋ ಎದ್ದೆ. “ಏನಮ್ಮ, ಕುರ್ಚೀಲಿ ಮುಳ್ಳೈತಾ?” ಎಂದರು. ಗಿರಣಿಯವರು ನಕ್ಕರು. ಮಾರನೆಯ ದಿನ ನನ್ನ ಮೇಜನ್ನು ಹಳೆಯ ಫೈಲುಗಳನ್ನು ಒಟ್ಟಿದ ಒಳಗಿನ ಕೋಣೆಗೆ, ಗೋಡೆಗೆ ಮುಖ ಮಾಡಿಸಿ ಹಾಕಿಸಿದ್ದರು. ಅಲ್ಲಿ ಕಿಟಕಿ ಇರಲಿಲ್ಲ. ಅದನ್ನೂ ನಾನು ನುಂಗಿಕೊಂಡೆ. ಕೆಲಸ ಕಲಿಯಲು ಬಂದವಳು, ಕಲಿತು ಹೋದರಾಯಿತು ಎಂದುಕೊಂಡೆ.

ಕೊನೆಯ ಪರೀಕ್ಷೆ ಹತ್ತಿರವಾದಾಗ ಓದಲು ರಜ ಕೇಳಿದೆ. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ನಿಮ್ಮಪ್ಪನ್ನ ಕರ್ಕೊಂಡ್ ಬಾ” ಎಂದರು.

ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು, ತೋಟದ ಅವರೆಕಾಯಿಯನ್ನು ಒಂದು ಚೀಲದಲ್ಲಿ ತುಂಬಿಕೊಂಡು ನನ್ನ ಜೊತೆ ರೈಲು ಹತ್ತಿದರು. ಮಗಳಿಗೆ ವಿದ್ಯೆ ಕಲಿಸುವವರು ಕರೆದಿದ್ದಾರೆ ಎಂಬ ಸಂಭ್ರಮ ಅವರಿಗೆ. ಆಡಿಟರ್ ಅಪ್ಪನಿಗೆ ಕೂರಲು ಹೇಳಲಿಲ್ಲ. ಅಪ್ಪ ಚೀಲ ಹಿಡಿದುಕೊಂಡೇ ನಿಂತರು. ಸುತ್ತ ಕೆಲಸ ಮಾಡುತ್ತಿದ್ದ ಹುಡುಗ ಹುಡುಗಿಯರ ಕ್ಯಾಲ್ಕುಲೇಟರ್ ಸದ್ದು ನಿಂತುಹೋಯಿತು.

“ಗೌಡ್ರೇ, ನೇರವಾಗಿ ಹೇಳ್ಬುಡ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದರು ಆಡಿಟರ್. “ನಿಮ್ಮ ಮಗಳಿಗೆ ತಲೆ ನಿಲ್ಲಲ್ಲ. ರಜ ಕೊಟ್ರೂ ಅಷ್ಟೇ, ಕೊಡದಿದ್ರೂ ಅಷ್ಟೇ. ಈ ಓದು ಕೂತು ಓದೋರಿಗೆ. ಸುಮ್ನೆ ವಯಸ್ಸು ಕಳೀಬೇಡಿ. ಒಂದು ಗಂಡು ನೋಡಿ.”

“ಇಲ್ಲೀಗಂಟ ಬಂದವ್ಳಲ್ಲ ಸಾ” ಎಂದರು ಅಪ್ಪ.

“ಇಲ್ಲೀಗಂಟ ಬರೋರು ಬೇಕಾದಷ್ಟು ಜನ. ದಾಟೋರು ಬೇರೆ.”

ಅಪ್ಪ ಚೀಲವನ್ನು ಗೋಡೆಗೆ ಒರಗಿಸಿಟ್ಟು, ಕೈ ಮುಗಿದು ಹೊರಗೆ ಬಂದರು. ಆ ಕೈ ಮುಗಿದದ್ದನ್ನು ನಾನು ನೋಡಿದೆ. ಬೈಸಿಕೊಂಡು, ಅವರೆಕಾಯಿ ಕೊಟ್ಟು, ಕೈ ಮುಗಿದು ಬಂದದ್ದು. ಸಂಜೆ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇಷ್ಟೇ: “ಓದ್ದೋರು ಸುಮ್ಸುಮ್ಕೆ ಯೋಳಾಕಿಲ್ಲ ಕಣವ್ವ.”

ನನಗೆ ಉರಿದದ್ದು ಅದಕ್ಕೆ. ಅಪ್ಪ ನಂಬಿಬಿಟ್ಟಿದ್ದರು.

ರಜ ಸಿಕ್ಕಿತು, ಬೇಕಿದ್ದರಲ್ಲಿ ಅರ್ಧ. ಪರೀಕ್ಷೆ ಬರೆದೆ, ಫೇಲಾದೆ. ಆಫೀಸಿನಲ್ಲಿ ಆಡಿಟರ್ ನನ್ನ ಕಡೆ ಒಮ್ಮೆ, ಉಳಿದವರ ಕಡೆ ಒಮ್ಮೆ ನೋಡಿ ಹುಬ್ಬು ಏರಿಸಿದರು. ಮೂರು ವರ್ಷದ ಕೆಲಸ ಮುಗಿಯುತ್ತಾ ಬಂದಿತ್ತು. ಮುಗಿಸಿ ಮನೆಗೆ ಬಂದೆ. ಅಪ್ಪ ಗಂಡು ನೋಡಲು ಶುರುಮಾಡಿದರು.

ಬಂದ ಮೊದಲ ಗಂಡು ಮಳವಳ್ಳಿ ಕಡೆಯ ಬಂಡೂರಿನ ಪಕ್ಕದ ಊರಿನವನು, ಕರೆಂಟ್ ಆಫೀಸಿನಲ್ಲಿ ಜೂನಿಯರ್ ಇಂಜಿನಿಯರ್. ಅವರ ಮನೆಯಲ್ಲಿ ಬಂಡೂರು ಕುರಿಗಳಿದ್ದವು. ಒಪ್ಪಬಾರದು ಎಂದೇ ನಾನು ಕಾಫಿ ತಟ್ಟೆ ಹಿಡಿದು ಬಂದಿದ್ದೆ. ಹಿರಿಯರು ನಮ್ಮಿಬ್ಬರನ್ನೂ ಮಾತಾಡಿಕೊಳ್ಳಿ ಎಂದು ತೋಟದ ಕಡೆ ಕಳಿಸಿದಾಗ ಅವನು, “ಇನ್ನೂ ಪರೀಕ್ಷೆ ಬಾಕಿ ಇದೆಯಂತಲ್ಲ, ಮದುವೆ ಆದ್ಮೇಲೂ ಕಟ್ಟಿ. ಯಾಕೆ ನಿಲ್ಲಿಸ್ತೀರಿ?” ಎಂದ. ಅವರ ಮನೆಯ ಒಂದು ಮರಿ ಅವನು ಕೆಲಸಕ್ಕೆ ಹೊರಟರೆ ಗೇಟಿನ ತನಕ ಹಿಂದೆ ಬರುತ್ತದೆ ಎಂದು ಹೇಳಿ ನಕ್ಕ. ನಾನು ಮಾತಿನ ನಡುವೆ ಯಾವುದೋ ಹಕ್ಕಿ ನೋಡುತ್ತಾ ನಿಂತುಬಿಟ್ಟೆ. ಅವನು ಬೇಸರಪಟ್ಟುಕೊಳ್ಳದೆ ತಾನೂ ಅದನ್ನೇ ನೋಡಿದ. ಒಪ್ಪಬಾರದು ಎಂದುಕೊಂಡಿದ್ದವಳು ಅವತ್ತು ಒಪ್ಪಿದ್ದೆ.

ಎರಡು ವಾರ ಕಳೆದರೂ ಅವರ ಕಡೆಯಿಂದ ಸುದ್ದಿಯಿಲ್ಲ. ಆಮೇಲೆ ಮಳವಳ್ಳಿಯಲ್ಲಿದ್ದ ನನ್ನ ಸೋದರತ್ತೆ ಬಸ್ಸು ಹಿಡಿದು ಬಂದರು. ಅವರೇ ಸಂಬಂಧ ತೋರಿಸಿದ್ದವರು. ಅಮ್ಮ ಹುಳದ ಮನೆಯ ಬಾಗಿಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಅತ್ತೆ ಅಲ್ಲೇ ಜಗಲಿಯ ಮೇಲೆ ಕೂತರು.

“ಬ್ಯಾಡ ಅಂದ್ಬುಟ್ರು ಕಣಣ್ಣ” ಎಂದರು ಅಪ್ಪನಿಗೆ. “ಉಡುಗಿ ಎಂಗೆ ಅಂತ ಮಂಡ್ಯದ ಆಡಿಟರ್ ತಾವ ಇಚಾರಿಸಿದ್ರಂತೆ. ತಲೆ ನಿಲ್ಲಾಕಿಲ್ಲ ಅಂದ್ರಂತೆ ಅವ್ರು. ಅದು ಗಂಡಿನ ಊರ್ಗೆ ಬರೋ ವೊತ್ಗೆ ತಲೆ ನೆಟ್ಟಗಿಲ್ಲ ಅಂತ ಆಗೋಗದೆ. ಮಾತ್ರೆ ನುಂಗ್ತಾಳೆ ಅಂತ್ಲೂ ಸೇರ್ಸವ್ರೆ ಯಾರೋ.”

ಅಪ್ಪ ತಲೆ ತಗ್ಗಿಸಿದರು. ಅಮ್ಮ ಕತ್ತಿ ಕೆಳಗಿಟ್ಟಳು.

“ಅವನ ಬಾಯ್ಗೆ ಮಣ್ಣಾಕ” ಎಂದಳು. ಮತ್ತೆ ಕತ್ತಿ ಎತ್ತಿಕೊಂಡು ಸೊಪ್ಪು ಹೆಚ್ಚತೊಡಗಿದಳು.

ಆ ಸುದ್ದಿ ಮಳವಳ್ಳಿಯಲ್ಲೇ ನಿಲ್ಲಲಿಲ್ಲ. ನಂಟರ ಬಾಯಿಂದ ಬಾಯಿಗೆ ಹಾರಿ ನಮ್ಮೂರಿಗೂ ಬಂತು. ನನಗೋ ಓಡಾಡಿಕೊಂಡು ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ಓದಿದ್ದು ತಲೆಗೆ ಹೋಗುತ್ತಿತ್ತು. ಹಿಪ್ಪುನೇರಳೆ ಸಾಲುಗಳ ನಡುವೆ ನಡೆಯುತ್ತಾ ಕಂಪನಿ ಕಾಯ್ದೆಯ ಕಲಮುಗಳನ್ನು ಹೇಳಿಕೊಳ್ಳುತ್ತಿದ್ದೆ. ಮೊದಲು ಜನ, ಓದ್ತಾವ್ಳೆ ಬುಡು, ಎನ್ನುತ್ತಿದ್ದರು. ಈಗ ಕಾಲುವೆಯ ಹತ್ತಿರ ಬಟ್ಟೆ ಒಗೆಯುವ ಹೆಂಗಸರು ನಾನು ಹಾದುಹೋಗುವಾಗ ಬಟ್ಟೆ ಬಡಿಯುವುದನ್ನು ನಿಲ್ಲಿಸುತ್ತಿದ್ದರು. ಒಬ್ಬಳು ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ಅವತ್ತೇ ನಾನು ತೋಟದಲ್ಲಿ ಓದುವುದನ್ನು ಬಿಟ್ಟೆ.

ಹುಳದ ಮನೆಯೊಳಕ್ಕೆ ಹೋದೆ. ಅಲ್ಲಿಗೆ ಹೊರಗಿನವರು ಬರುವಂತಿಲ್ಲ. ಕಾಲು ತೊಳೆಯದೆ, ಮೈಲಿಗೆ ಬಟ್ಟೆಯಲ್ಲಿ ಬಂದರೆ ಹುಳಕ್ಕೆ ರೋಗ ಹತ್ತುತ್ತದೆಂದು ಅಮ್ಮ ಯಾರನ್ನೂ ಬಿಡುತ್ತಿರಲಿಲ್ಲ. ಒಳಗೆ ಬಿದಿರಿನ ತಟ್ಟೆಗಳು ಅಟ್ಟಣಿಗೆಯ ಮೇಲೆ ಸಾಲಾಗಿ. ದೊಡ್ಡ ಹುಳ ಸೊಪ್ಪು ತಿನ್ನುವಾಗ ಹೊರಗೆ ಸೋನೆ ಹಿಡಿದಿದೆಯೇನೋ ಎಂಬಂತೆ ಸದ್ದು. ಅಲ್ಲಿ ನಾನು ಎಷ್ಟು ಗಟ್ಟಿಯಾಗಿ ಹೇಳಿಕೊಂಡರೂ ಕೇಳುವವರಿಲ್ಲ.

ಆದರೆ ಜಾಗ ಸಿಕ್ಕ ಮಾತ್ರಕ್ಕೆ ತಲೆ ನಿಲ್ಲುತ್ತದೆಯೇ. ಪುಸ್ತಕ ತೆರೆದು ಕೂತರೆ ಮೊದಲ ಪುಟ ಸರಿಯಾಗಿ ಹೋಗುತ್ತಿತ್ತು, ಎರಡನೆಯದರ ಅರ್ಧಕ್ಕೆ ಕಣ್ಣು ಮಾತ್ರ ಸಾಲಿನ ಮೇಲೆ ಓಡುತ್ತಿತ್ತು. ನಾನು ಎಲ್ಲಿರುತ್ತಿದ್ದೆ ಎಂದರೆ ಆಡಿಟರ್ ಆಫೀಸಿನಲ್ಲಿ. ಅವರ ಮುಂದೆ ನಿಂತು ಮಾತಾಡುತ್ತಿದ್ದೆ. ಏನೇನೋ ದೃಶ್ಯಗಳು. ಅವರ ಕಾರು ಮದ್ದೂರಿನ ಹತ್ತಿರ ಹೆದ್ದಾರಿಯಲ್ಲಿ ಕೆಟ್ಟು ನಿಂತಿದೆ, ಸುಡುವ ಬಿಸಿಲು, ನಾನು ನನ್ನ ಕಾರಿನಲ್ಲಿ ಹಾದುಹೋಗುತ್ತಿದ್ದೇನೆ, ನಿಲ್ಲಿಸುವುದಿಲ್ಲ. ಅವರಿಗೆ ತೆರಿಗೆ ಇಲಾಖೆಯಿಂದ ನೋಟಿಸು ಬಂದಿದೆ, ವಿಚಾರಣೆಯ ಮೇಜಿನ ಆಚೆ ಕೂತಿರುವವಳು ನಾನು. ಯಾರದೋ ಮದುವೆಯಲ್ಲಿ ಅವರಿಗೆ ಊಟಕ್ಕೆ ಎಲೆಯೇ ಸಿಗುವುದಿಲ್ಲ. ಇಂಥವನ್ನು ಕಟ್ಟುತ್ತಾ ಅರ್ಧ ಗಂಟೆ, ಮುಕ್ಕಾಲು ಗಂಟೆ ಕೂತಲ್ಲೇ ಕೂತಿರುತ್ತಿದ್ದೆ. ನೀರಿಗೂ ಏಳುತ್ತಿರಲಿಲ್ಲ. ಯಾವುದರ ಮೇಲೂ ನಿಲ್ಲದ ನನ್ನ ತಲೆ ದ್ವೇಷದ ಮೇಲೆ ಎಷ್ಟು ಚೆನ್ನಾಗಿ ನಿಲ್ಲುತ್ತಿತ್ತೆಂದರೆ, ಹೀಗೇ ಬಿಟ್ಟರೆ ದ್ವೇಷದಲ್ಲೇ ಪಾಸಾಗಿ ಪರೀಕ್ಷೆಯಲ್ಲಿ ಮತ್ತೆ ಫೇಲಾಗುತ್ತೇನೆ ಎಂದು ಒಂದು ದಿನ ಹೊಳೆಯಿತು. ಆಗ ಗೆದ್ದವರು ಅವರೇ ಆಗುತ್ತಾರೆ.

ಆ ದ್ವೇಷವನ್ನೇ ಕೂಲಿಯ ಹಾಗೆ ಮಾಡಿಕೊಂಡೆ. ಒಂದು ಅಧ್ಯಾಯ ಮುಗಿಸಿದರೆ ಒಂದು ದೃಶ್ಯ. ಮುಗಿಸದಿದ್ದರೆ ಆಡಿಟರ್ ಮುಖ ನೆನೆಯುವ ಹಾಗಿಲ್ಲ. ನಗು ಬರಬಹುದು. ನನಗೆ ಮಾತ್ರ ಅದು ಹಸಿದವರಿಗೆ ಅನ್ನ ತೋರಿಸಿದ ಹಾಗೆ ಕೆಲಸ ಮಾಡಿತು.

ಇನ್ನೊಂದು ಉಪಾಯ ತಾನಾಗಿ ಬಂತು. ಹುಳಕ್ಕೆ ದಿನಕ್ಕೆ ಹಲವು ಸಲ ಸೊಪ್ಪು ಹಾಕಬೇಕು. ಓದುತ್ತಿರುವಾಗ ಅಮ್ಮ, “ಎದ್ದು ಆ ತಟ್ಟೇಗೆ ಸೊಪ್ಪಾಕವ್ವ” ಎನ್ನುವಳು. ಎದ್ದವಳು ಕೈಯಲ್ಲಿದ್ದ ಪುಸ್ತಕವನ್ನು ಅಲ್ಲೇ ಅಟ್ಟಣಿಗೆಯ ಮೇಲೆ ಇಟ್ಟು ಮರೆಯುವೆ. ಇನ್ನೊಂದು ಪುಸ್ತಕ ಹಿಡಿದು ಬಾಗಿಲ ಬಳಿ ಕೂರುವೆ. ಅದೂ ಬೇಜಾರಾಗಿ ಎದ್ದರೆ ಮೊದಲಿನದು ಕಣ್ಣಿಗೆ ಬೀಳುವುದು, ನಿಂತೇ ಎರಡು ಪುಟ ಓದುವೆ. ಇದು ಅರ್ಥವಾದ ಮೇಲೆ ಬೇಕೆಂದೇ ಮೂರು ಮೂಲೆಯಲ್ಲಿ ಮೂರು ವಿಷಯದ ಪುಸ್ತಕ ಇಟ್ಟೆ. ತಲೆ ಒಂದರಿಂದ ಓಡಿಹೋದರೆ ಓಡಿಹೋದ ಕಡೆ ಇನ್ನೊಂದು ಕಾದಿರುತ್ತಿತ್ತು. ಆಡಿಟರ್ ನೋಡಿದ್ದರೆ ಅದನ್ನು ಓದು ಎನ್ನುತ್ತಿರಲಿಲ್ಲ. ಅದಕ್ಕೇ ನನಗೆ ಅದು ಇನ್ನಷ್ಟು ಇಷ್ಟವಾಯಿತು.

ಅಪ್ಪ ಒಂದೊಂದು ದಿನ ಬಾಗಿಲಿಂದ ಇಣುಕಿ, “ಒಂದ್ಕಡೆ ಕೂತ್ಕಂಡು ಓದವ್ವ” ಎನ್ನುತ್ತಿದ್ದರು. ಅಮ್ಮ, “ನಿಮ್ಗೇನು, ಓಗಿ, ಸೊಪ್ಪು ಕೊಯ್ಕಂಡ್ ಬನ್ನಿ” ಎಂದು ಓಡಿಸುತ್ತಿದ್ದಳು.

ಮೈಸೂರಿನಲ್ಲಿ ಪರೀಕ್ಷೆ. ಪರೀಕ್ಷೆಯ ಹಾಲಿನಲ್ಲಿ ಮೂರು ಮೂಲೆಯಿಲ್ಲ, ಓಡಾಡುವ ಹಾಗಿಲ್ಲ. ಹಿಂದಿನ ಸಲ ನಾನು ಬಿದ್ದದ್ದು ಅಲ್ಲೇ: ಒಂದು ದೊಡ್ಡ ಲೆಕ್ಕ ಹಿಡಿದು, ನಡುವೆ ತಲೆ ಜಾರಿ, ಅದನ್ನೇ ಮತ್ತೆ ಮತ್ತೆ ಶುರುಮಾಡಿ ಹೊತ್ತು ಕಳೆದಿದ್ದೆ. ಈ ಸಲ ಉತ್ತರ ಪತ್ರಿಕೆಯನ್ನೇ ಹುಳದ ಮನೆ ಮಾಡಿಕೊಂಡೆ. ಒಂದು ಲೆಕ್ಕ ಅರ್ಧಕ್ಕೆ ಬೇಜಾರಾದರೆ ಜಾಗ ಬಿಟ್ಟು ಇನ್ನೊಂದಕ್ಕೆ ಹಾರಿದೆ; ಅದರಿಂದ ಥಿಯರಿಗೆ, ಥಿಯರಿಯಿಂದ ವಾಪಸ್ಸು ಲೆಕ್ಕಕ್ಕೆ. ಮೇಲ್ವಿಚಾರಣೆಗೆ ಇದ್ದ ಮೇಡಂ ನನ್ನ ಪುಟಗಳು ಹಿಂದೆ ಮುಂದೆ ಹಾರುವುದನ್ನು ಕಂಡು ಎರಡು ಸಲ ಹತ್ತಿರ ಬಂದು ನಿಂತರು. ಏನೂ ಸಿಗದೆ ಹೋದರು. ನಡುವೆ ತಲೆ ಪೂರ್ತಿ ಕೈಕೊಟ್ಟಾಗ ಪೆನ್ನು ಕೆಳಗಿಟ್ಟು ಅಪ್ಪ ಕೈ ಮುಗಿದದ್ದನ್ನು ನೆನಸಿಕೊಂಡೆ. ಮತ್ತೆ ಪೆನ್ನು ಎತ್ತಿಕೊಂಡೆ.

ಫಲಿತಾಂಶ ಬಂದದ್ದು ನಾನು ಸೊಪ್ಪಿನ ಹೊರೆ ಇಳಿಸುತ್ತಿದ್ದಾಗ. ಫೋನಿನಲ್ಲಿ ನನ್ನ ನಂಬರ್ ಹಾಕಿ ನೋಡಿದೆ, ಪಾಸಾಗಿತ್ತು. ಅಮ್ಮನಿಗೆ ಹೇಳಿದೆ. ಅವಳು ಸೊಪ್ಪಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ಅಪ್ಪ ಅತ್ತರು. ನನಗೆ ಅಳು ಬರಲಿಲ್ಲ. ನಾಳೆ ಬೆಳಿಗ್ಗೆ ಯಾವ ಸೀರೆ ಉಟ್ಟು ಆ ಆಫೀಸಿನ ಮೆಟ್ಟಿಲು ಹತ್ತಲಿ ಎಂದು ಯೋಚಿಸುತ್ತಿದ್ದೆ.

ಮಾರನೆಯ ದಿನ ಹೋದೆ. ಬಾಗಿಲಲ್ಲಿ ನಿಂತು, “ಸಾರ್, ಪಾಸಾದೆ” ಎಂದೆ. ಮುಂದೆ ಆಡಬೇಕಾದ ಮಾತುಗಳು ಬಾಯಿತುದಿಯಲ್ಲಿದ್ದವು. ಅಷ್ಟರಲ್ಲಿ ಆ ಕುರ್ಚಿ ಬಿಟ್ಟೇಳದ ಮನುಷ್ಯ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

“ನಾನು ಅವತ್ತೇ ಹೇಳ್ಲಿಲ್ವಾ, ಇವಳು ಗಟ್ಟಿ ಹುಡುಗಿ ಅಂತ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ನನ್ನ ಕೈಯಲ್ಲಿ ತಯಾರಾದೋಳು.” ಸಿಹಿ ತರಿಸಿದರು. ನನ್ನ ಬಾಯಿಗೆ ತಾವೇ ಒಂದು ತುಂಡು ಇಟ್ಟರು. ಬಾಯಿ ತುಂಬಿದವಳು ಏನು ಹೇಳಲಿ. ಫೋಟೋ ತೆಗೆದರು.

ವಾರದೊಳಗೆ ಅವರ ಆಫೀಸಿನ ಮುಂದೆ ಆಳೆತ್ತರದ ಫ್ಲೆಕ್ಸ್ ಎದ್ದಿತು. ನನ್ನ ಫೋಟೋ ಚಿಕ್ಕದು, ಅವರದು ದೊಡ್ಡದು. “ನಮ್ಮ ಕಚೇರಿಯ ಹೆಮ್ಮೆ” ಎಂದು ಕೆಂಪು ಅಕ್ಷರ. ಅಪ್ಪ ರೈಲು ಹತ್ತಿ ಹೋಗಿ ಅದರ ಮುಂದೆ ನಿಂತು ಯಾರ ಕೈಯಲ್ಲೋ ಫೋಟೋ ತೆಗೆಸಿಕೊಂಡು ಬಂದರು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ವರ್ಷಗಟ್ಟಲೆ ಕಾಪಿಟ್ಟ ಸೇಡನ್ನು ಆ ಮನುಷ್ಯ ಒಂದು ತುಂಡು ಸಿಹಿಯಲ್ಲಿ ನುಂಗಿ ನೀರು ಕುಡಿದಿದ್ದರು. ಫೇಲಾದಾಗಲೂ ನನಗೆ ಅಷ್ಟು ಸೋತಂತೆ ಅನ್ನಿಸಿರಲಿಲ್ಲ.

ಬೆಂಗಳೂರಿನ ಕಂಪನಿಯೊಂದು ಕರೆಯಿತು, ಹೋಗಲಿಲ್ಲ. ಮಂಡ್ಯದಲ್ಲೇ, ಆಡಿಟರ್ ಇದ್ದ ರಸ್ತೆಯಲ್ಲೇ, ಒಂದು ಬೇಕರಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಬೋರ್ಡನ್ನು ಅವರ ಕಾರು ನಿಲ್ಲುವ ಜಾಗಕ್ಕೆ ಕಾಣುವ ಹಾಗೆ ಹಾಕಿಸಿದೆ. ಊರಿಗೆ ಸೇವೆ ಮಾಡಲು ಉಳಿದಳು ಎಂದು ಯಾರೋ ಹೊಗಳಿದರು. ನಾನು ಉಳಿದದ್ದು ಯಾಕೆಂದು ನನಗೆ ಗೊತ್ತಿತ್ತು.

ಮೊದಲು ಬಂದವಳು ಹೊಳಲಿನ ಹುಡುಗಿ. ಆಡಿಟರ್ ಹತ್ತಿರ ಕೆಲಸ ಕಲಿಯುತ್ತಿದ್ದವಳು. “ಅಕ್ಕ, ನಂಗೂ ಒಂದ್ಕಡೆ ಕೂರಕ್ಕಾಗಲ್ಲ. ಒಳಗಡೆ ರೂಮಿಗೆ ಹಾಕ್ಬುಟ್ಟವ್ರೆ” ಎಂದಳು. ಆ ಕೋಣೆ ನನಗೆ ಗೊತ್ತಿತ್ತು. ಅವಳನ್ನು ಸೇರಿಸಿಕೊಂಡೆ. ಕಚೇರಿ ಬದಲಿಸಬೇಕಾದರೆ ಹಳೆಯ ಆಡಿಟರ್ ಸಹಿ ಬೇಕು. ಅವರು ಪೀಡೆ ಕಳೆಯಿತು ಎಂಬಂತೆ ಸಹಿ ಹಾಕಿದರಂತೆ. ಅವಳಾದ ಮೇಲೆ ಇನ್ನೊಬ್ಬ, ಮತ್ತೊಬ್ಬಳು. ಅವರು ಯಾರನ್ನು ತಲೆ ನಿಲ್ಲದವರು ಎಂದರೋ ಅವರನ್ನೇ ನಾನು ಹುಡುಕಿ ಕರೆದೆ. ನನ್ನ ಆಫೀಸಿನಲ್ಲಿ ಕುರ್ಚಿಗಳಿಗಿಂತ ನಿಂತು ಬರೆಯುವ ಎತ್ತರದ ಮೇಜುಗಳೇ ಹೆಚ್ಚು. ಯಾರು ಎಷ್ಟು ಸಲ ಎದ್ದರೂ ಕೇಳುವವರಿಲ್ಲ. ಹೊಳಲಿನವಳು ಪಾಸಾದಾಗ ನಾನು ಫ್ಲೆಕ್ಸ್ ಹಾಕಿಸಿದೆ. ಅವಳದೊಂದೇ ಫೋಟೋ, ರಸ್ತೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಅವರ ಮೆಟ್ಟಿಲಿಗೆ ಎದುರಾಗಿ.

ಆಮೇಲೆ ಮದ್ದೂರಿನ ಹುಡುಗ ಬಂದ. ಅವನ ತಂದೆ ಮದ್ದೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಸಾಬರು. ಅವನು ಕಲಿಯಲು ಬಂದವನಲ್ಲ. ಆಡಿಟರ್ ಆಫೀಸಿನ ಕೆಲಸವನ್ನೆಲ್ಲ ಹೊತ್ತಿದ್ದ ಹಿರಿಯ ಸಹಾಯಕ. ಯಾವ ಗಿರಾಕಿಯ ಯಾವ ಕಾಗದ ಎಲ್ಲಿದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಅವನಿಗೂ ಪರೀಕ್ಷೆಯ ಒಂದು ಭಾಗ ಬಾಕಿಯಿತ್ತು. ಪ್ರತಿ ಸಲ ಪರೀಕ್ಷೆ ಹತ್ತಿರವಾದಾಗ ಆಡಿಟರ್, ನೀನಿಲ್ದಿದ್ರೆ ಆಗಲ್ಲಪ್ಪ, ಮುಂದಿನ ಸಲ ನೋಡೋಣ, ಎನ್ನುತ್ತಿದ್ದರಂತೆ.

“ರಜ ಕೊಡ್ತೀರಾ ಮೇಡಂ?” ಎಂದು ಕೇಳಿದ.

“ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು” ಎಂದೆ. ಮುಂದಿನ ತಿಂಗಳಿಂದ ಬರುತ್ತೇನೆ ಎಂದ.

ಎರಡೇ ದಿನಕ್ಕೆ ಆಡಿಟರ್ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ಹಿಡಿದುಕೊಂಡು ಬಂದರು, ವಯಸ್ಸಾಗಿತ್ತು. ನಾನು ಕುರ್ಚಿ ತೋರಿಸಿದೆ. ಕೂತರು. ನಾನು ನಿಂತೇ ಇದ್ದೆ.

“ಆ ಹುಡುಗನ್ನ ಮಾತ್ರ ಬಿಟ್ಕೊಡಮ್ಮ” ಎಂದರು. “ಅವನಿಲ್ದಿದ್ರೆ ನನ್ನ ಕೈ ಕಟ್ಟಿ ಹಾಕ್ದಂಗಾಗ್ತದೆ. ಬೇರೆ ಯಾರ್ನ ಬೇಕಾದ್ರೂ ಕರ್ಕೋ. ನನ್ನ ಮೇಲೆ ಯಾಕಮ್ಮ ನಿಂಗೆ ಹಗೆ? ನಾನೇನು ಮಾಡಿದ್ದೆ?”

ಅವರು ನಾಟಕವಾಡುತ್ತಿರಲಿಲ್ಲ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಒಂದೊಂದೇ ಹೇಳಿದೆ. ಗಿರಣಿಯವರ ಮುಂದೆ ಅಂದದ್ದು, ಅಪ್ಪನನ್ನು ಕರೆಸಿ ನಿಲ್ಲಿಸಿ ಅಂದದ್ದು, ಮಳವಳ್ಳಿ ಕಡೆಯವರು ವಿಚಾರಿಸಿದಾಗ ಅಂದದ್ದು, ಅದು ಏನಾಗಿ ನಮ್ಮ ಮನೆಗೆ ಬಂತು ಎಂಬುದು. ಆ ಸಂಬಂಧ ಮುರಿದದ್ದಲ್ಲದೆ ಆಮೇಲೆ ಬಂದ ಎರಡೂ ಅದೇ ಮಾತಿಗೆ ಮುರಿದವು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದಿರ್ಬೌದು ಕಣಮ್ಮ. ಎಷ್ಟು ಜನ ಬತ್ತಾರೆ, ಎಷ್ಟು ಜನಕ್ಕೆ ಏನೇನು ಅಂದಿರ್ತೀನಿ. ಮನಸ್ಸಲ್ಲಿ ಇಟ್ಕೊಂಡು ಅಂದಿದ್ದಲ್ಲ.”

ಮನಸ್ಸಿನಲ್ಲಿ ಇಟ್ಟುಕೊಂಡೇ ಅಂದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

“ಹನಕೆರೆಗೆ ಹೋಗಿ ನಮ್ಮಪ್ಪನಿಗೆ ಹೇಳಿ, ಅವತ್ತು ಅಂದಿದ್ದು ತಪ್ಪು ಅಂತ” ಎಂದೆ.

“ಹೇಳಿದ್ರೆ?”

ನಾನು ಉತ್ತರ ಕೊಡಲಿಲ್ಲ. ಬಾಗಿಲ ಕಡೆ ನೋಡಿದೆ. ಅವರು ಆ ಮೌನವನ್ನು ತಮಗೆ ಬೇಕಾದ ಹಾಗೆ ಅರ್ಥಮಾಡಿಕೊಂಡು ಎದ್ದರು.

ಭಾನುವಾರ ಅವರ ಕಾರು ನಮ್ಮ ಮನೆಯ ಮುಂದೆ ನಿಂತಿತು. ಹುಳ ಹಣ್ಣಾಗಿ ಗೂಡು ಕಟ್ಟುವ ಕಾಲ. ಅಪ್ಪ ಹುಳದ ಮನೆಯ ಒಳಗಿದ್ದರು. ಹೊರಗಿನವರನ್ನು ಒಳಕ್ಕೆ ಬಿಡುವಂತಿಲ್ಲವೆಂದು ನಾನು ಆಡಿಟರನ್ನು ಅಂಗಳದಲ್ಲಿ ನಿಲ್ಲಿಸಿದೆ. ಕುರ್ಚಿ ತರಬಹುದಿತ್ತು, ತರಲಿಲ್ಲ. ಅಪ್ಪ ಹೊರಗೆ ಬಂದವರು ಗಾಬರಿಯಾಗಿ ಕೈ ಮುಗಿಯಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ.

“ಗೌಡ್ರೇ” ಎಂದರು ಆಡಿಟರ್, “ಹಿಂದೆ ನಿಮ್ಮ ಮಗಳ ವಿಚಾರದಲ್ಲಿ ನಾನು ಏನೋ ಅಂದಿದ್ನಂತೆ.”

“ಅಂತೆ ಅಲ್ಲ ಸಾರ್, ಅಂದ್ರಿ” ಎಂದೆ.

“ಅಂದೆ. ತಲೆ ನಿಲ್ಲಲ್ಲ ಅಂದೆ. ಓದು ಬಿಡ್ಸಿ ಅಂದೆ. ತಪ್ಪಾಯ್ತು.”

ಅಪ್ಪ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. “ಅಯ್ಯೋ ಬುಡಿ ಸಾ, ಎಂದಿಂದೋ ಮಾತು. ಪಾಸಾದ್ಲಲ್ಲ” ಎಂದು ನಕ್ಕು, ತಾವೇ ಒಳಗೆ ಹೋಗಿ ಕಾಫಿ ಕಾಯಿಸಿ ತಂದು ಕೊಟ್ಟರು. ಅಪ್ಪ ಹಾಗೆಯೇ. ಯಾರು ಏನಂದರೂ ಒಂದು ಲೋಟ ಕಾಫಿಯಲ್ಲಿ ಮುಗಿಸಿಬಿಡುತ್ತಾರೆ. ಅವರಿಗೆ ಅದು ಒಪ್ಪುತ್ತದೆ.

ನಾನು ಆಡಿಟರ್ ನಿಂತೇ ಕಾಫಿ ಕುಡಿಯುವುದನ್ನು ಪೂರ್ತಿ ನೋಡಿದೆ. ನನ್ನ ಕಣ್ಣು ಎಲ್ಲೂ ಹೋಗಲಿಲ್ಲ.

ತಿಂಗಳು ತುಂಬಿದ ಮೇಲೆ ಸೋಮವಾರ ಮದ್ದೂರಿನ ಹುಡುಗ ನನ್ನ ಆಫೀಸಿಗೆ ಬಂದು ಸೇರಿದ. ಮಧ್ಯಾಹ್ನ ಆಡಿಟರ್ ಫೋನ್ ಮಾಡಿದರು.

“ಮಾತು ಕೊಟ್ಟಿದ್ದೆಯಲ್ಲಮ್ಮ.”

“ಇಲ್ಲ ಸಾರ್. ನೀವು ಕೇಳಿದ್ರಿ. ನಾನು ಏನೂ ಹೇಳಿರಲಿಲ್ಲ.”

ಅವರು ಫೋನ್ ಇಟ್ಟರು. ಮರುವರ್ಷ ಅವರು ಆಫೀಸು ಚಿಕ್ಕದು ಮಾಡಿದರು. ಅರ್ಧ ಗಿರಾಕಿಗಳು ಈ ಹುಡುಗನ ಹಿಂದೆ ನನ್ನ ಕಡೆ ಬಂದರು. ಆ ಅಕ್ಕಿ ಗಿರಣಿಯವರೂ ಬಂದರು. ಹುಡುಗ ಪರೀಕ್ಷೆ ಕಟ್ಟಿದ, ಪಾಸಾದ. ಈಗ ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ಅವನ ಹೆಸರೂ ಇದೆ.

ಇಷ್ಟೆಲ್ಲ ಆದ ಮೇಲೆ ಸಮಾಧಾನ ಸಿಕ್ಕಿತಾ ಎಂದು ಒಬ್ಬ ಗೆಳತಿ ಕೇಳಿದಳು. ಸಿಗಲಿಲ್ಲ ಎಂದು ಹೇಳಬೇಕೆಂದು ಅವಳ ಆಸೆ ಇದ್ದಂತಿತ್ತು. ಹಗೆಯಿಂದ ನೆಮ್ಮದಿ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ. ಸಿಕ್ಕಿತು ಎಂದೆ. ಚೆನ್ನಾಗಿಯೇ ಸಿಕ್ಕಿತು.

ಆ ಸೋಮವಾರ ಸಂಜೆ ಮನೆಗೆ ಹೋದಾಗ ಅಮ್ಮ ಮುಂದಿನ ಬೆಳೆಯ ಹಣ್ಣಾದ ಹುಳಗಳನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಬಿಡುತ್ತಿದ್ದಳು. ಆಡಿಟರ್ ಬಂದಿದ್ದ ದಿನ ಅವಳು ಹೊರಗೇ ಬಂದಿರಲಿಲ್ಲ. ನಾನು ಕೈಕಾಲು ತೊಳೆದು ಅವಳ ಪಕ್ಕ ಕೂತೆ.

“ಬಂದ್ನಾ ಆ ಮದ್ದೂರಿನ್ ಉಡುಗ?” ಎಂದಳು.

“ಬಂದ ಕಣಮ್ಮ.”

“ಬರ್ಲಿ ಬುಡು” ಎಂದಳು. ಆಮೇಲೆ ಕೈಯಲ್ಲಿದ್ದ ಹುಳವನ್ನು ಬೆಳಕಿಗೆ ಹಿಡಿದು ನೋಡುತ್ತಾ, “ಅವತ್ತು ಕಾಪಿ ಕೊಟ್ಟೋರು ನಿಮ್ಮಪ್ಪ. ನಾ ಕೊಟ್ಟಿಲ್ಲ” ಎಂದಳು.